ಪಿ-ಬ್ಲಾಕ್ ಮೇಷ್ಟ್ರೂ ಮೇಲಕ್ಕೆ ನೋಡಿದ ಬಾಣವೂ

ಇಪ್ಪತ್ತೆರಡು ವರ್ಷ ಒಂದೇ ಪಾಠವನ್ನು ಒಂದೇ ಕೋಟಿನಲ್ಲಿ ಹೇಳಿದ್ದರಿಂದ ಕಾಲೇಜಿನವರೆಲ್ಲ ಅವರನ್ನು ಪಿ-ಬ್ಲಾಕ್ ಮೇಷ್ಟ್ರು ಎನ್ನುತ್ತಿದ್ದರು. ಪಿ-ಬ್ಲಾಕ್, ಅಂದರೆ ಮೂಲವಸ್ತುಗಳ ಆವರ್ತ ಕೋಷ್ಟಕದ ಬಲಗಡೆಯ ಆರು ಗುಂಪುಗಳು, ತಮ್ಮ ಪಿತ್ರಾರ್ಜಿತ ಆಸ್ತಿ ಎಂಬ ಠೀವಿ ಅವರದು. ಈಗ ಆ ಆಸ್ತಿಗೊಬ್ಬ ಪಾಲುಗಾರ್ತಿ ಬಂದಿದ್ದಳು: ಸ್ವಂತ ಅಕ್ಕನ ಮಗಳು, ಅವರ ಹತ್ತಿರವೇ ರಸಾಯನಶಾಸ್ತ್ರ ಕಲಿತು ಅದೇ ಕಾಲೇಜಿಗೆ ಹೊಸ ಮೇಡಂ ಆಗಿ ಸೇರಿದವಳು. ಅವಳ ಕ್ಲಾಸಿನಲ್ಲಿ ಕಿಟಕಿಯ ಕಟ್ಟೆಯ ಮೇಲೂ ಮಕ್ಕಳು; ಮೇಷ್ಟ್ರ ಕ್ಲಾಸಿನ ಕೊನೆಯ ಬೆಂಚಿನಲ್ಲಿ ಧೂಳೊಂದೇ ತಪ್ಪದೆ ಹಾಜರು.

"ಮುಂದಿನ ವರ್ಷ ಪಿ-ಬ್ಲಾಕ್ ಯಾರಿಗೆ ಅಂತ ಇವತ್ತು ಅವಳ ಪಾಠ ಕೇಳಿ ತೀರ್ಮಾನಿಸೋಣ. ನೀವೂ ಬನ್ನಿ," ಎಂದರು ಪ್ರಿನ್ಸಿಪಾಲರು.

ಮೇಷ್ಟ್ರು ಹೋದರು. ಒಂದೇ ಒಂದು ತಪ್ಪು ಸಿಕ್ಕರೆ ಸಾಕಿತ್ತು.

ಅವಳು ಹೈಡ್ರೋಜನ್ನಿನ ಫ್ಲೋರೈಡ್, ಕ್ಲೋರೈಡ್, ಬ್ರೋಮೈಡ್, ಅಯೋಡೈಡ್‌ಗಳನ್ನು ಒಂದರ ಕೆಳಗೊಂದು ಬರೆದಳು. "ಫ್ಲೋರಿನ್ ಪುಟ್ಟದು, ಹೈಡ್ರೋಜನ್ನನ್ನ ತಬ್ಬಿ ಹಿಡ್ಕೊಂಡಿರುತ್ತೆ. ಅಯೋಡಿನ್ ದಪ್ಪಣ್ಣ, ದೂರದಿಂದ ಹಿಡಿಯುತ್ತೆ, ಬೇಗ ಬಿಡುತ್ತೆ. ಅದಕ್ಕೇ ಕೆಳಗಿನವು ಗಟ್ಟಿ ಆಮ್ಲಗಳು, ಕಾಯಿಸಿದ್ರೆ ಬೇಗ ಒಡೆಯೋವೂ ಅವೇ." ಪಕ್ಕದಲ್ಲಿ ಬಾಣ ಎಳೆದು 'ಸ್ಥಿರತೆ ಹೆಚ್ಚು' ಎಂದಳು.

ಮೇಷ್ಟ್ರು ಚಂಗನೆ ಎದ್ದರು. "ತಪ್ಪು! ಕೆಳಗಿಳಿದ ಹಾಗೆ ಸ್ಥಿರತೆ ಕಮ್ಮಿ ಆಗುತ್ತೆ!"

"ಹೌದು ಮಾ... ಸರ್. ಬಾಣ ಮೇಲಕ್ಕೆ ನೋಡ್ತಿದೆ."

ಇಪ್ಪತ್ತೆರಡು ವರ್ಷ ಕೆಳಮುಖ ಬಾಣಗಳನ್ನಷ್ಟೇ ಎಳೆದವರು ಬಾಣದ ಮೊನೆ ನೋಡುವುದನ್ನೇ ಮರೆತಿದ್ದರು. ಕ್ಲಾಸು ಗೊಳ್ಳೆಂದಿತು. ಅವರ ಕಿವಿ ಆಮ್ಲ ತಾಗಿದ ಲಿಟ್ಮಸ್ ಕಾಗದದಂತೆ ಕೆಂಪಾಯಿತು.

ನಗು ನಿಂತ ಮೇಲೆ ಮುಂದಿನ ಬೆಂಚಿನ ಹುಡುಗಿ ಕೇಳಿದಳು: "ಮೇಡಂ, ನಾಲ್ಕರಲ್ಲಿ ತೀರಾ ದುರ್ಬಲ ಆಮ್ಲ ಫ್ಲೋರೈಡು. ಮತ್ತೆ ಗಾಜನ್ನ ತಿನ್ನೋದೂ ಅದೇ ಅಂತಾರಲ್ಲ?"

"ನಂಗಿದನ್ನ ಹೇಳಿಕೊಟ್ಟವರೇ ಇಲ್ಲಿದ್ದಾರೆ," ಎಂದು ಅವಳು ಚಾಕ್‌ಪೀಸ್ ಕೆಳಗಿಟ್ಟಳು.

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ಆಮ್ಲದ ಬಲ ಅಂದ್ರೆ ನೀರಲ್ಲಿ ಹೈಡ್ರೋಜನ್ ಬಿಟ್ಟುಕೊಡೋ ಗುಣ, ಅಷ್ಟೇ. ಗಾಜಿನ ಕಥೆ ಬೇರೆ. ಅದರಲ್ಲಿರೋ ಸಿಲಿಕಾನ್ ಕಂಡ್ರೆ ಫ್ಲೋರಿನ್‌ಗೆ ಬಲು ಮೋಹ. ಆಕ್ಸಿಜನ್ ಕೈ ಬಿಡಿಸಿ ತಾನು ಹಿಡ್ಕೊಳ್ಳುತ್ತೆ."

ಮಕ್ಕಳು ಬರೆದುಕೊಂಡರು. ಮೇಷ್ಟ್ರ ಎದೆಯುಬ್ಬಿತು, ಮರುಕ್ಷಣವೇ ಚುರುಕ್ಕೆಂದಿತು. ಇಷ್ಟು ವರ್ಷದಲ್ಲಿ ಅವರ ಕ್ಲಾಸಿನಲ್ಲಿ ಒಬ್ಬರೂ ಇದನ್ನು ಕೇಳಿರಲಿಲ್ಲ. ಕೇಳಿದ್ದವಳು ಈ ಅಕ್ಕನ ಮಗಳೊಬ್ಬಳೇ, ಅದೂ ಮನೆಯಲ್ಲಿ, ಊಟದ ಮೇಜಿನ ಮುಂದೆ. ಇವಳ ಕ್ಲಾಸಿನಲ್ಲಾದರೋ ಆರೇ ತಿಂಗಳಿಗೆ ಪ್ರಶ್ನೆಗಳು ಮೊಳೆತಿದ್ದವು.

ಹೊರಗೆ ಪ್ರಿನ್ಸಿಪಾಲರು, "ಏನಂತೀರಿ?" ಎಂದರು.

'ಇನ್ನೂ ಎಳಸು' ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿದರು, ಸಲ್ಫ್ಯೂರಿಕ್ ಆಮ್ಲವನ್ನೇ ನುಂಗಿದಂತಾಯಿತು. "ಅವಳಿಗೇ ಕೊಡಿ."

ಅವಳು ಹಿಂದೆಯೇ ಓಡಿಬಂದಳು. "ಮಾವ, ಕೋಪಾನಾ?"

"ಕೋಪ ಅಲ್ಲ ಕಣೇ, ಹೊಟ್ಟೆಕಿಚ್ಚು. ಎರಡು ದಿನ ಮಾತಾಡಿಸ್ಬೇಡ."

"ಮೂರನೇ ದಿನ?"

"ಗಂಧಕದ ಪಾಠದಲ್ಲಿ ಅನುಮಾನ ಬಂದ್ರೆ ಬಾ."

"ಅನುಮಾನ ಬರದಿದ್ರೆ?"

"ಬರಿಸ್ಕೋ!"