ಕ್ಲಬ್ಬಿನ ಮೆಟ್ಟಿಲ ಮೇಲೆ

ಆ ಕ್ಯಾಸೆಟ್ಟಿನ ಎರಡನೇ ಬದಿಯಲ್ಲಿ, ಹಾಡುವವರು ಉಸಿರು ತೆಗೆದುಕೊಳ್ಳುವ ಒಂದು ಜಾಗದಲ್ಲಿ, ಹೆಣ್ಣುಮಗಳೊಬ್ಬಳು ಕೆಮ್ಮುತ್ತಾಳೆ. ಎರಡು ಸಲ. ಎರಡನೆಯದನ್ನು ಸೆರಗಿನಲ್ಲಿ ಅದುಮಿಕೊಂಡದ್ದು ಗೊತ್ತಾಗುತ್ತದೆ.

"ಅದು ನಾನೇ," ಎಂದಿದ್ದರು ಬಾಯಾರು. "ಮದುವೆಗೆ ಮೊದಲಿಂದು. ನಮ್ಮಪ್ಪ ಹೇಗೆ ಕಣ್ಣು ಬಿಟ್ಟು ನೋಡಿದ್ರು ಗೊತ್ತಾ?"

ಬಾಯಾರು ಎಂದರೆ ಭೀಮರಾಯನಗುಡಿಯ ಕಾಲುವೆ ಕ್ಯಾಂಪಿನಲ್ಲಿ ನಮ್ಮ ಇಂಜಿನಿಯರ್ ಸಾಹೇಬರ ಹೆಂಡತಿ. ನಾನು ಸಾಹೇಬರ ಆಫೀಸಿನ ಟೈಪಿಸ್ಟ್. ಕೆಂಭಾವಿ ಕಡೆಯ ಕುರಿ ಕಾಯುವವರ ಮನೆಯಲ್ಲಿ ಹುಟ್ಟಿ ಶಹಾಪುರದಲ್ಲಿ ಬಿ.ಎ. ಮುಗಿಸಿದವಳು. ನಮ್ಮ ಮನೆತನದಲ್ಲಿ ಹೆಬ್ಬೆಟ್ಟು ಒತ್ತದೆ ಸಹಿ ಮಾಡಿದ ಮೊದಲ ಕೈ ನನ್ನದು. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಆ ಸಹಿಗಾಗಿ ಪಟ್ಟ ಪಾಡು ನನಗೆ ಗೊತ್ತು. ಆದರೆ ಬಿ.ಎ. ಆದಮೇಲೆ ಮಾತಾಡುವ ಜನ ಕಡಿಮೆಯಾಗುತ್ತಾರೆ ಎಂಬುದನ್ನು ಮಾತ್ರ ಯಾರೂ ಮೊದಲೇ ಹೇಳಿರಲಿಲ್ಲ. ಊರಿಗೆ ಹೋದರೆ ಓರಗೆಯವರು "ಓದಿದಾಕಿ ಬಂದಾಳ, ಕೌದಿ ಹಾಸ್ರೆವ್ವಾ" ಎಂದು ನಕ್ಕು ತಮ್ಮ ಮಾತಿಗೆ ಮರಳುತ್ತಿದ್ದರು. ಕ್ಯಾಂಪಿನಲ್ಲಿ ಸಾಹೇಬರ ಹೆಂಡಂದಿರು ಟೈಪಿಸ್ಟಳ ಜೊತೆ ಕೂಡುತ್ತಿರಲಿಲ್ಲ.

ಬಾಯಾರು ಕೂಡಿಸಿಕೊಂಡರು. ಒಂದು ಭಾನುವಾರ ಅವರ ಕ್ವಾರ್ಟರ್ಸಿನ ಬೇಲಿಯ ಹೊರಗೆ ತುಂಬಿದ ಕೊಡ ಹೊತ್ತು ನಿಂತೇಬಿಟ್ಟಿದ್ದೆ. ಒಳಗೆ ಟೇಪು ಹಾಡುತ್ತಿತ್ತು. ಒಂದೇ ಮಾತನ್ನು ಹತ್ತು ಕಡೆಯಿಂದ ಹೇಳುವ ಹಾಡು. ಆ ಮಾತೇನು ಎಂದು ಮಾತ್ರ ನನಗೆ ತಿಳಿಯಲೊಲ್ಲದು. "ಕೊಡ ಕೆಳಗಿಡು ಟೈಪಿಸ್ಟ್, ಒಳಗೆ ಬಾ," ಎಂದರು. ಆಮೇಲೆ ಎರಡು ವರ್ಷದ ಭಾನುವಾರಗಳೆಲ್ಲ ಹಾಗೇ ಹೋದವು. ಅವರು ಚಹಾ ಮಾಡುವರು, ನಾನು ಟೇಪಿನ ಬದಿ ತಿರುಗಿಸುವೆ. ಮಾತು ಕಡಿಮೆ.

ಇದ್ದ ಮಾತೆಲ್ಲ ಆ ಮ್ಯೂಸಿಕ್ ಕ್ಲಬ್ಬಿನದು. ಮುಂಬೈಯಲ್ಲಿ ಹಳೆಯ ಕಟ್ಟಡವೊಂದರ ಮಾಳಿಗೆಯ ಮೇಲೆ ಅದು ಇತ್ತು. ಭಾನುವಾರ ಬೆಳಿಗ್ಗೆ ಬೈಠಕ್, ನೆಲದ ಮೇಲೆ ಕೂತು ಹಾಡು ಕೇಳುವ ಕೂಟ. ದೊಡ್ಡ ದೊಡ್ಡ ಸಭೆಗಳಲ್ಲಿ ಹಾರ ಹಾಕಿಸಿಕೊಂಡವರೂ ಅಲ್ಲಿ ಹಾಡಲು ಅಂಜುತ್ತಿದ್ದರಂತೆ. ಕೇಳುವವರು ಚಪ್ಪಾಳೆ ಹೊಡೆಯುವುದಿಲ್ಲ. ಮನಸ್ಸಿಗೆ ಬಂದರೆ 'ಹಾಂ' ಎನ್ನುತ್ತಾರೆ, ಬರದಿದ್ದರೆ ಸುಮ್ಮನಿರುತ್ತಾರೆ. ಹಾಗೆ ಎಲ್ಲರೂ ಸುಮ್ಮನಿದ್ದ ಒಂದು ಬೆಳಗಿನ ನಂತರ ಒಬ್ಬ ಉಸ್ತಾದರು ಎರಡು ವರ್ಷ ಎಲ್ಲಿಯೂ ಹಾಡಲೇ ಇಲ್ಲವಂತೆ. ಬಾಯಾರ ಅಪ್ಪ ಅಲ್ಲಿಯ ಮೆಂಬರು. ಕೆಮ್ಮಿನ ಕ್ಯಾಸೆಟ್ಟು ಅಲ್ಲಿಯದೇ.

ಸಾಹೇಬರಿಗೆ ದೂರದ ಊರಿಗೆ ವರ್ಗವಾಯಿತು. ಬಿಡುಗಡೆಯ ಆದೇಶ ಟೈಪ್ ಮಾಡಿದ್ದು ನಾನೇ. ಲಾರಿಗೆ ಸಾಮಾನು ಏರಿಸುವ ಗಡಿಬಿಡಿಯಲ್ಲಿ ಬಾಯಾರು ಕ್ಯಾಸೆಟ್ಟನ್ನು ನನ್ನ ಕೈಗಿಟ್ಟು, "ಒಮ್ಮೆ ಹೋಗು ನೀನು. ಬಾಗಿಲಲ್ಲಿ ನನ್ನ ಹೆಸರು ಹೇಳು, ಒಳಗೆ ಬಿಡ್ತಾರೆ," ಎಂದರು.

"ಹೂನ್ರಿ ಬಾಯಾರ," ಎಂದೆ.

ಶಹಾಪುರದಿಂದ ಒಂದು ಟೇಪ್ ರೆಕಾರ್ಡರ್ ತಂದೆ. ಭಾನುವಾರ ನನ್ನ ಖೋಲಿಯಲ್ಲಿ ಒಬ್ಬಳೇ ಹಚ್ಚಿಕೊಂಡು ಕೂಡುತ್ತಿದ್ದೆ. ಒಂದು ದಿನ ನನ್ನ ಬಾಯಿಂದಲೂ 'ಹಾಂ' ಬಂತು. ಗೋಡೆ ಕೇಳಿತು. ಟೇಪಿನೊಳಗಿನ ಮಂದಿ ಒಬ್ಬರ 'ಹಾಂ' ಒಬ್ಬರು ಕೇಳಿಸಿಕೊಳ್ಳುತ್ತಿದ್ದರು. ಆ ಮಂದಿಯ ನಡುವೆ ಒಂದು ಬೆಳಿಗ್ಗೆ ಕೂತೆದ್ದು ಬರಬೇಕು ಎನ್ನುವುದು ಅಂದೇ ಗಟ್ಟಿಯಾಯಿತು.

ಮನೆಯಲ್ಲಿ ಹೇಳಿದ್ದೇ ತಪ್ಪಾಯಿತು. ಹೇಳಿದ್ದಲ್ಲ, ಆ ಒಂದು ಪದ ಆಡಿದ್ದು.

"ಕ್ಲಬ್ಬಿಗಾ?" ಅವ್ವನ ಕೈ ರೊಟ್ಟಿಯ ಮೇಲೇ ನಿಂತಿತು. ನಮ್ಮ ಕಡೆ ಕ್ಲಬ್ಬೆಂದರೆ ಗಂಡಸರು ಬಾಗಿಲು ಮುಚ್ಚಿಕೊಂಡು ಇಸ್ಪೀಟು ಎಲೆ ಆಡುವ ಜಾಗ. ಬೇರೆ ಅರ್ಥವಿಲ್ಲ.

"ಎಲಿ ಆಡಾಕ ಮುಂಬೈತನ ಯಾಕ ಹೋಗಬೇಕವ್ವ?" ಎಂದ ಅಪ್ಪ. "ಕೆಂಭಾವ್ಯಾಗ ಬೇಕಾದಷ್ಟು ಮಂದಿ ಆಡ್ತಾರ."

"ನಗಬ್ಯಾಡ ನೀ! ಸಾಲಿ ಕಲಸೂಣು ಕಲಸೂಣು ಅಂತ ಕುಣದಿ. ಈಗ ನೋಡು, ಮಗಳು ಕ್ಲಬ್ಬಿಗಿ ಹೊಂಟಾಳ."

"ಯವ್ವಾ, ಅದು ಹಾಡು ಕೇಳೋ ಕ್ಲಬ್ಬು."

"ಹಾಡು ಕೇಳಾಕ ಯಾರರ ಕ್ಲಬ್ಬಿಗಿ ಹೋಗ್ತಾರೇನ? ರೇಡಿಯೋ ಸತ್ತದೇನು?" ಎಂದವಳೇ ಅಪ್ಪನ ಕಡೆ ತಿರುಗಿ, "ಹೋಗಿ ಕಣ್ಣಾರೆ ನೋಡಿ ಬಾ. ಇಕಿ ಖೋಲ್ಯಾಗ ಎಲಿ ಗಿಲಿ ಏನರ ಅದಾವೇನು," ಎಂದಳು.

ಮುಂದಿನ ಭಾನುವಾರ ಮಧ್ಯಾಹ್ನ ಅಪ್ಪ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಕ್ಯಾಂಪಿಗೆ ಬಂದ. ಕುರ್ಚಿ ಕೊಟ್ಟರೂ ಹೊಸ್ತಿಲಲ್ಲೇ ಕೂತ. ನಾನು ಟೇಪು ಹಚ್ಚಿದೆ. ಕಾಲುವೆ ಬಂದ ಮೇಲೆ ಹೊಲಗಳೆಲ್ಲ ಭತ್ತಕ್ಕೆ ತಿರುಗಿ, ಮೇಯಿಸುವ ನೆಲ ಕಡಿಮೆಯಾಗಿ, ಅಪ್ಪನ ಹಿಂಡೂ ಸಣ್ಣದಾಗಿತ್ತು. ಕಿವಿ ಮಾತ್ರ ಹಾಗೇ ಇತ್ತು. ಕುರಿಹಟ್ಟಿಯ ಹೊರಗೆ ಕಂಬಳಿ ಹೊದ್ದು ಕಣ್ಣು ಮುಚ್ಚಿದರೂ ಯಾವ ಕುರಿ ಕೆಮ್ಮಿತು, ಯಾವುದು ಎದ್ದು ಜಾಗ ಬದಲಿಸಿತು ಎಂದು ಹೇಳುವ ಕಿವಿ ಅದು.

ಅಪ್ಪ ಹಾಡು ಬಿಟ್ಟು ಹಾಡಿನ ಹಿಂದಿನ ಸಪ್ಪಳ ಕೇಳುತ್ತಿದ್ದ. "ಮಂದಿ ಭಾಳ ಇಲ್ಲವ್ವ. ಇಪ್ಪತ್ತು, ಇಪ್ಪತ್ತೈದು ಇದ್ದಾರು," ಎಂದ.

ನಾನು ಇನ್ನೂರು ಮುನ್ನೂರು ಜನರನ್ನು ಕಲ್ಪಿಸಿಕೊಂಡಿದ್ದೆ. "ನಿನಗ ಹೆಂಗ ಗೊತ್ತು?"

"ಉಸುರು ಕೇಳಸಂಗಿಲ್ಲೇನು? ಬಾಗಲಾ ಹಾಡಾಂವನಿಂದ ದೂರ ಅದ, ಸಂದಿ ಬಿಟ್ಟಾರ. ಗಾಡಿ ಸಪ್ಪಳ ಆ ಕಡಿಂದ ಬರ್ತದ. ಈ ಹೆಣಮಗಳು ಬಾಗಲಾ ಹತ್ರ ಕುಂತಾಳ. ಗಾಳಿ ಹೊಡದು ಕೆಮ್ಮಾಕತ್ತಾಳ."

ಕೆಮ್ಮಿನ ಹಿಂದೆಯೇ ಟೇಪಿನಲ್ಲಿ 'ದಡ್' ಎಂದು ಒಂದು ಸದ್ದು ಬರುತ್ತದೆ. ಅದಕ್ಕೆ ಅಪ್ಪ ತಡೆದ. ಮೂರು ಸಲ ಹಿಂದಕ್ಕೆ ತಿರುಗಿಸಿ ಕೇಳಿಸಿದೆ.

"ತಬಲಾದ್ದಲ್ಲ ಇದು. ಕಟಗಿ ಸಪ್ಪಳ. ಒಳಗಿಂದಲ್ಲ, ಹೊರಗಿಂದು. ಏನಂತ ಗೊತ್ತಾಗವಲ್ದು." ಗೊತ್ತಾಗದ್ದು ಅವನಿಗೆ ಸೇರಲಿಲ್ಲ. ಕಂಬಳಿ ಕೊಡವಿ ಎದ್ದವನು, "ಹೋಗಿ ನೋಡಿ ಬಾ ಅದೇನದಂತ. ಎಲಿ ಗಿಲಿ ಏನಿಲ್ಲಂತ ನಿಮ್ಮವ್ವಗ ನಾ ಹೇಳ್ತೀನಿ," ಎಂದ.

ಹಾಗೆ ನಾನು ಯಾದಗಿರಿ ಸ್ಟೇಷನ್ನಿನಲ್ಲಿ ಮುಂಬೈ ಗಾಡಿ ಹತ್ತಿದೆ. ದೊಡ್ಡವ್ವನ ಮನೆಯವರು ಅಲ್ಲಿ ಕಟ್ಟಡ ಕೆಲಸಕ್ಕೆ ಹೋಗಿ ನೆಲೆಯೂರಿದ್ದರು. ಅವರ ತಗಡಿನ ಮನೆಯಲ್ಲಿ ಇಳಿದುಕೊಂಡೆ. ಭಾನುವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ಸೀರೆ ಉಟ್ಟು, ಬಾಯಾರು ಹೇಳಿದ್ದ ಗಲ್ಲಿಯನ್ನು ಕೇಳಿ ಕೇಳಿ ಹುಡುಕಿದೆ. ಕಟ್ಟಡ ಇತ್ತು. ಕಟ್ಟಿಗೆಯ ಮೆಟ್ಟಿಲಿತ್ತು. ಮೇಲಿಂದ ತಂಬೂರಿ ಕೇಳುತ್ತಿತ್ತು.

ಮೂರನೇ ಮೆಟ್ಟಿಲ ಮೇಲೆ ಕಾಲಿಟ್ಟೆ. ದಡ್.

ಕಾಲು ತೆಗೆದು ಮತ್ತೊಮ್ಮೆ ಇಟ್ಟೆ. ಅದೇ. ಹಲಗೆ ಸಡಿಲಾಗಿತ್ತು, ಅಷ್ಟೇ. ಆ ಕ್ಷಣ ಅಪ್ಪ ಪಕ್ಕದಲ್ಲಿರಬೇಕಿತ್ತು.

ಮೇಲಿನ ಮೆಟ್ಟಿಲುಗಳ ಮೇಲೆ ಗೋಡೆಗುಂಟ ಚಪ್ಪಲಿಗಳು. ಎಣಿಸಿದೆ: ಇಪ್ಪತ್ನಾಲ್ಕು ಜೋಡಿ. ಬಾಗಿಲ ಬಳಿ ಒಬ್ಬ ಹಿರಿಯರು ರಿಜಿಸ್ಟರ್ ಹಿಡಿದು ಕೂತಿದ್ದರು. ಮೆಲ್ಲಗೆ ಹಿಂದಿಯಲ್ಲಿ, ಯಾರ ಕಡೆಯ ಅತಿಥಿ ಎಂದು ಕೇಳಿದರು.

ಬಾಯಿ ತೆರೆದೆ. ಬಾಯಲ್ಲಿ ಹೆಸರಿರಲಿಲ್ಲ.

ಎರಡು ವರ್ಷ ಬಾಯಾರ ಕೈ ಚಹಾ ಕುಡಿದಿದ್ದೆ. ಕ್ಯಾಂಪಿನಲ್ಲಿ ಎಲ್ಲರೂ ಅವರನ್ನು ಇಂಜಿನಿಯರ್ ಬಾಯಾರು ಎನ್ನುತ್ತಿದ್ದರು, ನಾನೂ ಎಂದೆ. ಸಾಹೇಬರ ಹೆಸರನ್ನು ಇನಿಶಿಯಲ್ ಸಮೇತ ಸಾವಿರ ಸಲ ಟೈಪ್ ಮಾಡಿದ ಬೆರಳುಗಳಿವು. ಕ್ವಾರ್ಟರ್ಸಿನ ಫಾರಂನಲ್ಲಿ ಬಾಯಾರ ಬಗ್ಗೆ ನಾನು ಟೈಪ್ ಮಾಡಿದ್ದು "ಪತ್ನಿ: ಒಬ್ಬರು" ಎಂದು. ನನ್ನ ಹೆಸರು ಹೇಳು ಎಂದಾಗ ಹೂನ್ರಿ ಎಂದೆನೇ ಹೊರತು, ಏನ್ರಿ ನಿಮ್ಮ ಹೆಸರು ಎನ್ನಲಿಲ್ಲ. ಅವರಿಗೂ ಗಡಿಬಿಡಿಯಲ್ಲಿ ಹೊಳೆದಿರಲಿಕ್ಕಿಲ್ಲ. ನಾನೂ ಅವರಿಗೆ ಟೈಪಿಸ್ಟ್ ಅಷ್ಟೇ.

ಸಾಹೇಬರ ಮನೆತನದ ಹೆಸರು ಹೇಳಿದೆ. ಹಿರಿಯರು ಪುಟ ತಿರುಗಿಸಿ ಇಲ್ಲವೆಂದು ತಲೆಯಾಡಿಸಿದರು. ಇರುವುದಾದರೂ ಹೇಗೆ? ಮೆಂಬರು ಬಾಯಾರ ಅಪ್ಪ. ಆ ಹೆಸರು ನನಗೆ ಇನ್ನೂ ದೂರ. ಕೆಮ್ಮಿನ ಮಾತು ಹೇಳೋಣವೆನ್ನಿಸಿತು. ಯಾವ ಬಿ.ಎ. ಓದಿದವಳು ಬಾಗಿಲಲ್ಲಿ ನಿಂತು, ಇಲ್ಲಿ ಒಮ್ಮೆ ಕೆಮ್ಮಿದವರ ಕಡೆಯವಳು ನಾನು ಎನ್ನುತ್ತಾಳೆ?

ಅವರು ಬೈಯಲಿಲ್ಲ. ಮೆಟ್ಟಿಲ ಕಡೆ ಕೈ ತೋರಿಸಿದರು, ಬೇಕಾದರೆ ಕೂಡು ಎನ್ನುವಂತೆ. ಕೂತೆ. ಗೋಡೆಯಾಚೆಯಿಂದ ಹಾಡು ಬಂತು. ಚೆನ್ನಾಗಿಯೇ ಕೇಳುತ್ತಿತ್ತು. ನಡುವೆ ಒಬ್ಬ ಮುದುಕರು ತಡವಾಗಿ ಬಂದರು: ದಡ್, ಚಪ್ಪಲಿ ಕಳಚಿದರು, ಬಾಗಿಲು ಕಿರ್ರೆಂದು ತೆರೆದು ಮುಚ್ಚಿತು. ಸ್ವಲ್ಪ ಹೊತ್ತಿಗೆ ಒಳಗೆ 'ಹಾಂ' ಎಂದರು. ನನಗೂ ಬಂತು. ಗಂಟಲಲ್ಲೇ ಇಟ್ಟುಕೊಂಡೆ.

ಊರಿಗೆ ಬಂದಾಗ ಅಪ್ಪ ಮೊದಲು ಕೇಳಿದ್ದು ಅದನ್ನೇ. "ಏನಿತ್ತು ಆ ಸಪ್ಪಳ?"

"ಮೆಟ್ಟಲದ್ದು ಯಪ್ಪಾ. ಕಟಗಿ ಸಡ್ಲಾಗ್ಯಾದ."

"ಹೊರಗಿಂದಂತ ಹೇಳಿದ್ದಿಲ್ಲ?" ಖುಷಿಯಾಯಿತು ಅವನಿಗೆ. "ಮಂದಿ ಎಷ್ಟು?"

"ಇಪ್ಪತ್ನಾಕು ಜೋಡು ಚಪ್ಪಲಿ ಇದ್ವು."

"ನಿನ್ನವ ಹಿಡದೋ, ಬಿಟ್ಟೋ?"

"ಬಿಟ್ಟು. ನನ್ನವ ಕಾಲಾಗೇ ಇದ್ವು."

ಅಪ್ಪ ನನ್ನ ಮುಖ ನೋಡಿದ. ಅವ್ವನನ್ನು ಕರೆದು, "ಬಿಸಿ ರೊಟ್ಟಿ ಹಾಕು ಇಕಿಗಿ, ದೂರಿಂದ ಬಂದಾಳ," ಎಂದ.

ಕ್ಯಾಸೆಟ್ಟು ಇನ್ನೂ ನನ್ನ ಹತ್ತಿರ ಇದೆ. ಕೆಮ್ಮು ಬರುತ್ತದೆ, ಹಿಂದೆಯೇ ದಡ್ ಎನ್ನುತ್ತದೆ. ಅದು ಯಾರೋ ಮೆಟ್ಟಿಲು ಹತ್ತಿದ್ದು ಎಂದು ಈಗ ನನಗೆ ಗೊತ್ತು. ಹತ್ತಿದವರು ಒಳಗೆ ಹೋಗಿದ್ದರೆ ಆಮೇಲೆ ಬಾಗಿಲು ಕಿರ್ರೆನ್ನಬೇಕು. ಕಿವಿಯನ್ನು ಟೇಪಿಗೆ ಹಚ್ಚಿ ಎಷ್ಟೋ ಭಾನುವಾರ ಕೇಳಿದ್ದೇನೆ. ಬದಿ ಮುಗಿಯುವತನಕ ಬಾಗಿಲಿನ ಸದ್ದಿಲ್ಲ.