ನೀಲಿ ಕಲಸಿದ ಅಂಟು

ಅಂಟಿಗೆ ಮೈಲುತುತ್ತ ಹಾಕುವುದೊಂದೇ ತಮ್ಮ ನನಗೆ ವಹಿಸಿದ್ದ ಕೆಲಸ. ಅದನ್ನು ನಾನು ಮಾಡಲಿಲ್ಲ. ಮಾಡಿದ್ದೀನಿ ಅಂತ ಸುಳ್ಳು ಹೇಳಿದೆ.

ಕೋಣನಕುಂಟೆಯ ಮನೆಯಲ್ಲಿ ನಾವು ಮೂವರು: ನಾನು, ತಮ್ಮ, ಅವನ ಹೆಂಡತಿ. ಅವನಿಗೆ ಪುಟಾಣಿ ರೈಲಿನ ಹುಚ್ಚು. ಹಿಂದಿನ ರೂಮಿನಲ್ಲಿ ಹಲಗೆಯ ಮೇಲೆ ಹಳಿ ಜೋಡಿಸಿ, ರೈಲು ಹಾದುಹೋಗಲು ಸುರಂಗವಿರುವ ಗುಡ್ಡ ಕಟ್ಟುತ್ತಿದ್ದ. ಥರ್ಮಾಕೋಲನ್ನು ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿ ಅಂಟಿಸಿ, ಅದರ ಮೇಲೆ ಮೈದಾ ಅಂಟಿನಲ್ಲಿ ಅದ್ದಿದ ಪೇಪರ್ ಹಚ್ಚಬೇಕು. ಒಂದು ಪದರ ಪೂರ್ತಿ ಒಣಗದೆ ಇನ್ನೊಂದು ಹಚ್ಚಬಾರದು. ಹಸಿರು ಬಣ್ಣದ ಮರದ ಪುಡಿಯನ್ನು ಟೀ ಸೋಸುವ ಜರಡಿಯಲ್ಲಿ ಉದುರಿಸಿದರೆ ಹುಲ್ಲು. ಒಣಗಿದ ಹೀರೇಕಾಯಿ ನಾರನ್ನು ಕಿತ್ತು ಬಣ್ಣಕ್ಕೆ ಅದ್ದಿದರೆ ಪೊದೆ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟ ನನಗೆ ಇದನ್ನೆಲ್ಲ ಬೇಸರವಿಲ್ಲದೆ ಹೇಳಿಕೊಟ್ಟವನು ಅವನು.

"ಅಕ್ಕ, ಮೈಲುತುತ್ತ ಮರೀಬೇಡ. ಇಲ್ಲಾಂದ್ರೆ ಜಿರಳೆಗಳಿಗೆ ಗುಡ್ಡಾನೇ ಹಬ್ಬದೂಟ."

ಅದಕ್ಕೆ ಉತ್ತರಹಳ್ಳಿಯ ಗೊಬ್ಬರದಂಗಡಿಗೆ ಹೋಗಬೇಕಿತ್ತು. ಬಿಸಿಲು, ಬಸ್ಸಿಗೆ ಕಾಯಬೇಕು. ಅಡುಗೆ ಪಾತ್ರೆಗೆ ವಿಷ ಯಾಕೆ ಅಂತ ನನಗೆ ನಾನೇ ನೆಪ ಹೇಳಿಕೊಂಡೆ. ನಿಜವಾಗಿ ಸೋಮಾರಿತನ. ಮೈಲುತುತ್ತ ಬಿದ್ದರೆ ಅಂಟು ತಿಳಿನೀಲಿ ಆಗುತ್ತದೆ ಅಂತ ಗೊತ್ತಿತ್ತು. ಬಟ್ಟೆಗೆ ಹಾಕುವ ನೀಲಿಯನ್ನೇ ನಾಲ್ಕು ಹನಿ ಬಿಟ್ಟು ಕಲಸಿಕೊಟ್ಟೆ.

"ಸಖತ್ತಾಗಿದೆ ಕಣಕ್ಕ," ಅಂದ.

ಮಳೆಗಾಲದಲ್ಲಿ ಜಿರಳೆಗಳು ಗುಡ್ಡವನ್ನು ಒಳಗಿಂದ ತಿಂದವು. ಸುರಂಗದ ಬಾಯಿ ಕಳಚಿ ಹಳಿಯ ಮೇಲೆ ಬಿತ್ತು. ತಮ್ಮ ತನ್ನ ಹೆಂಡತಿಯ ಮೇಲೆ ಎಗರಾಡಿದ.

"ರಾಗಿ ಚೀಲ ಈ ರೂಮಲ್ಲಿ ಇಡಬೇಡ ಅಂತ ಬಡ್ಕೊಂಡೆ. ಜಿರಳೆ ಸಾಕಿದ್ದೀಯಲ್ಲ, ಹೆಸರೂ ಇಟ್ಟಿದ್ದೀಯಾ?"

"ಚೀಲದ ಬಾಯಿ ಬಿಗಿಯಾಗಿ ಕಟ್ಟಿದ್ದೆ ರೀ," ಅಂದಳು. ನಾನಾದರೂ ಒಂದು ಮಾತು ಹೇಳಲಿ ಅಂತ ನನ್ನ ಕಡೆ ನೋಡಿದಳು. ನಾನು ಬಟ್ಟೆ ಮಡಚುತ್ತಲೇ ಇದ್ದೆ.

ಅವತ್ತಿನಿಂದ ಅವಳು ಆ ರೂಮಿಗೆ ಕಾಲಿಡಲಿಲ್ಲ. ಕಸ ಗುಡಿಸುವುದಕ್ಕೂ ಇಲ್ಲ.

ಮೊನ್ನೆ ಭಾನುವಾರ ತಮ್ಮ ಮತ್ತೆ ಥರ್ಮಾಕೋಲ್ ತಂದ. "ಹೋದ್ಸಲದ ಥರಾನೇ ಅಂಟು ಮಾಡ್ಕೊಡಕ್ಕ. ನಿನ್ ಕೆಲಸದಲ್ಲಿ ಏನೂ ಕೊರತೆ ಇರಲಿಲ್ಲ."

ಅವಳು ಹೊಸ್ತಿಲಾಚೆ ನಿಂತು, ಟೀ ಲೋಟ ಹಿಡಿದ ಕೈಯನ್ನಷ್ಟೇ ಒಳಗೆ ಚಾಚಿದ್ದಳು. ಅವನು ತಿರುಗಿಯೂ ನೋಡದೆ ಲೋಟ ತಗೊಂಡ. ನನಗೆ ತಡೆಯಲಾಗಲಿಲ್ಲ. ಹೋಗಿ ಅವಳ ಕೈ ಹಿಡಿದುಕೊಂಡೆ. ಅವನಿಗೂ ಕೇಳುವಷ್ಟು ಜೋರಾಗಿ ಹೇಳಿದೆ:

"ಚೀಲದ್ದಲ್ಲಮ್ಮ ತಪ್ಪು, ನಂದು. ಮೈಲುತುತ್ತ ನಾನು ತರಲೇ ಇಲ್ಲ. ಗೊತ್ತಿದ್ದೂ ನಿನ್ನ ಬೈಸಿದೆ. ಕ್ಷಮಿಸಮ್ಮ."