ಚರ್ಮ ಮಾಯ್ದ ಮೇಲೆ

ಎಡಗೈಯ ಎರಡು ಬೆರಳುಗಳಿಂದ ಶೇರವಾನಿಯ ಬಟ್ಟೆಯನ್ನು ಪಕ್ಕೆಯಿಂದ ದೂರಕ್ಕೆ ಎಳೆದು ಹಿಡಿದುಕೊಂಡೇ ಅವರು ಕಚೇರಿಯ ಮೆಟ್ಟಿಲು ಹತ್ತುತ್ತಿದ್ದರು, ಸುಡುವ ಪಾತ್ರೆಯೊಂದನ್ನು ಮೈಗೆ ತಾಗದಂತೆ ಒಯ್ಯುವವರ ಹಾಗೆ. ನೋಡಿದವರು ನಗುತ್ತಿದ್ದರು. ನಿಜಾಮರ ಸರಕಾರದ ನೌಕರ ಕೊರಳತನಕ ಗುಂಡಿ ಹಾಕಿಕೊಂಡೇ ಬರಬೇಕೆಂಬುದು ನಮ್ಮ ಸಾಹೇಬರ ಕಟ್ಟಪ್ಪಣೆ. ಆ ಸಾಹೇಬರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಅದಕ್ಕಿಂತ ದೊಡ್ಡ ಸಿಟ್ಟು ಯಾರ ಮೇಲೆ ಎಂಬುದನ್ನು ಹೇಳಿಬಿಡಬೇಕೆಂದೇ ಇದನ್ನು ಬರೆಯುತ್ತಿದ್ದೇನೆ.

ಹಾಗೆ ಶೇರವಾನಿ ಎಳೆದು ಹಿಡಿದು ಬರುತ್ತಿದ್ದವರು ಕಲಬುರಗಿಯ ನಮ್ಮ ಕಚೇರಿಯ ಪೇಶಕಾರರು. ಸಾಹೇಬರ ಮುಂದೆ ಕಾಗದಪತ್ರ ಇಟ್ಟು ಓದಿ ಹೇಳುವ ಕೆಲಸ. ಹುಟ್ಟೂರು ಕಮಲಾಪುರ. ನಾನು ಅವರ ಕೈಕೆಳಗಿನ ಕಾರಕೂನ. ನನಗೆ ಉರ್ದು ಬರಹ ತಿದ್ದಿಸಿದವರು ಅವರೇ. ಓದಲು ಬಾರದ ರೈತ ಉರ್ದು ಕಾಗದಕ್ಕೆ ಹೆಬ್ಬೆಟ್ಟು ಒತ್ತಲು ಹೋದರೆ ಆ ಕೈಯನ್ನು ಹಿಡಿದು ನಿಲ್ಲಿಸುತ್ತಿದ್ದರು. “ತಡಿಯೋ ತಮ್ಮಾ. ಮೊದಲ ಕಿವಿ ಕೊಡು, ಆಮ್ಯಾಲ ಹೆಬ್ಬಟ್ಟು ಕೊಡು” ಎಂದು ಮೊದಲಿನಿಂದ ಕೊನೆಯವರೆಗೆ ಕನ್ನಡದಲ್ಲಿ ಹೇಳುತ್ತಿದ್ದರು. ಸಾಹೇಬರಿಗೆ ಇದು ಹಿಡಿಸುತ್ತಿರಲಿಲ್ಲ. ಹೊರಗೆ ಜನ ಕಾಯುತ್ತಿದ್ದರೂ ಪೇಶಕಾರರು ಮಾತ್ರ ಒಂದು ಸಾಲನ್ನೂ ಬಿಡುತ್ತಿರಲಿಲ್ಲ.

ಒಂದು ಬೇಸಿಗೆಯಲ್ಲಿ ಅವರ ಎಡಪಕ್ಕೆ ಉರಿಯತೊಡಗಿತು. ಮೂರನೆಯ ದಿನ ಬೆನ್ನಿನಿಂದ ಎದೆಯ ಕೆಳಗಿನವರೆಗೆ ಪಟ್ಟಿ ಕಟ್ಟಿದಂತೆ ನೀರುಗುಳ್ಳೆಗಳೆದ್ದವು. ಸರ್ಪಸುತ್ತು. ರಜೆ ಹಾಕಿ ಕಮಲಾಪುರಕ್ಕೆ ಹೋದರೆ, ಮನೆಯವರು ಮೊದಲು ಕೇಳಿದ್ದು ಯಾವ ಹಾವು ಕೊಂದಿದ್ದೀ ಎಂದು. ಬಾಳೆತೋಟದಲ್ಲಿ ಕೊಂದಿರಬೇಕು, ನೆನಪು ಮಾಡಿಕೋ ಎಂದು ಅಣ್ಣಂದಿರು ಸುತ್ತ ಕೂತು ಪೀಡಿಸಿದರಂತೆ. ಗುಳ್ಳೆಗಳ ಮೇಲೆ ಕೆಮ್ಮಣ್ಣು ಬಳಿದರು. ಗುಳ್ಳೆಗಳ ಸುತ್ತಿನ ಹೆಡೆಯೂ ಬಾಲವೂ ಕೂಡಿದರೆ ಮನುಷ್ಯ ಉಳಿಯುವುದಿಲ್ಲವೆಂದು ಹೆದರಿದ ಹೆಂಡತಿ, ದಿನಾ ಬೆಳಗ್ಗೆ ನೂಲು ಹಿಡಿದು ಎರಡು ತುದಿಗಳ ನಡುವೆ ಇನ್ನೆಷ್ಟು ಮೈ ಉಳಿದಿದೆಯೆಂದು ಅಳೆಯುತ್ತಿದ್ದರು. “ಆಕಿ ಮತ್ತ ಮತ್ತ ನೂಲು ಹಿಡಿಯೋದು ನೋಡಿ ನನಗ ಉರೀನೇ ಮರ್ತು ಹೋಗ್ತಿತ್ತು” ಎಂದು ಆಮೇಲೆ ನನ್ನೆದುರು ಹೇಳಿದರು.

ಕಲಬುರಗಿಗೆ ಮರಳಿದಾಗ ನಿಲ್ಲಲೂ ತ್ರಾಣವಿರಲಿಲ್ಲ. ಮೋಮಿನಪುರದ ಹಕೀಮರೊಬ್ಬರ ಹತ್ತಿರ ನಾನೇ ಕರೆದುಕೊಂಡು ಹೋದೆ. ಆ ಮುದುಕ ಹಾವಿನ ಮಾತು, ನೂಲಿನ ಮಾತು ಎಲ್ಲ ಕೇಳಿ, ಅಂಗಿ ಎತ್ತಿ ನೋಡಿ, “ಹಾವಿಲ್ಲ, ಶಾಪಾನೂ ಇಲ್ಲ. ಇದು ನರದ ಬೀಮಾರಿ. ಮೈಯ ಒಂದೇ ಕಡಿಗೆ ನಿಲ್ತದ. ಬೆನ್ನೆಲುಬು ದಾಟಿ ಸುತ್ತು ಹಾಕಿದ್ದು ನಾ ಒಮ್ಮೀನೂ ನೋಡಿಲ್ಲ. ಮನ್ಯಾಗ ಹೇಳ್ರಿ, ಆ ನೂಲು ಒಗೀರಿ ಅಂತ” ಎಂದರು.

ಪೇಶಕಾರರು ಎಷ್ಟೋ ದಿನದ ಮೇಲೆ ನಕ್ಕರು. ಹಕೀಮರು ನಗಲಿಲ್ಲ. “ಪೂರಾ ಕೇಳ್ರಿ. ಚರ್ಮ ಮಾಯತದ, ನರ ಲಗೂನ ಮಾಯಾಂಗಿಲ್ಲ. ತಿಂಗಳು ಹಿಡೀಬಹುದು, ವರ್ಷಾನೂ ಹಿಡೀಬಹುದು. ಗಾಯ ಕಾಣಂಗಿಲ್ಲ ಅಂತ ಮಂದಿ ನಂಬಾಂಗಿಲ್ಲ. ತಯಾರಿರ್ರಿ.”

ಹಾಗೆಯೇ ಆಯಿತು. ಗುಳ್ಳೆಗಳು ಒಣಗಿ ಉದುರಿದವು. ನೋವು ಮಾತ್ರ ಒಳಗೇ ಉಳಿಯಿತು. ಗಾಳಿ ಬೀಸಿದರೂ ಮೈ ಸೆಟೆದುಕೊಳ್ಳುತ್ತಿದ್ದರು. ಮಧ್ಯಾಹ್ನ ಹಳೆಯ ದಫ್ತರಗಳ ಕೋಣೆಗೆ ಹೋಗಿ, ಶೇರವಾನಿ ಕಳಚಿ, ಗೋಡೆಗೆ ಹಣೆ ಒತ್ತಿ ನಿಲ್ಲುತ್ತಿದ್ದರು. ಯಾರೂ ಬಾರದಂತೆ ಬಾಗಿಲಲ್ಲಿ ನಾನು ನಿಲ್ಲುತ್ತಿದ್ದೆ. ಅವರು ಅತ್ತದ್ದನ್ನು ಕೇಳಿದ್ದೇನೆ.

ಒಂದು ದಿನ ಅವರಿಗೆ ಗುಂಡಿ ಹಾಕಲು ಆಗಲೇ ಇಲ್ಲ. ಶೇರವಾನಿಯನ್ನು ಬಲಹೆಗಲ ಮೇಲೆ ಹಾಕಿಕೊಂಡು ಬಂದರು. ರೈತನೊಬ್ಬನ ಅರ್ಜಿ ಓದಿ ಹೇಳುತ್ತಿದ್ದಾಗ ಸಾಹೇಬರು ಅವರನ್ನು ರೈತರೆಲ್ಲರ ಎದುರಿಗೆ ಕರೆದು ನಿಲ್ಲಿಸಿದರು.

“ಜಖಮ್ ಎಲ್ಲದ? ಅಂಗಿ ತೆಗಿ.”

ತೆಗೆದರು. ಗಾಯವಿರಲಿಲ್ಲ, ಸಣ್ಣ ಬಿಳಿ ಕಲೆಗಳಷ್ಟೇ ಇದ್ದವು.

“ಮಾಯ್ದದಲ್ಲ! ಎಲ್ಲಾ ಬಹಾನಾ, ಬರೇ ನೆವ!” ಎಂದು ಸಾಹೇಬರು ರೂಲುದೊಣ್ಣೆಯಿಂದ ಆ ಪಕ್ಕೆಯ ಮೇಲೆ ತಟ್ಟಿದರು. ಜೋರಾಗಿ ಹೊಡೆದದ್ದಲ್ಲ. ಪೇಶಕಾರರು ನಿಂತಲ್ಲೇ ಕುಸಿದರು. ಯಾರೋ ಕಿಸಕ್ಕೆಂದರು. ಸಾಹೇಬರು ನನ್ನತ್ತ ತಿರುಗಿದರು. “ನೀನು ದಿನಾ ಇವನ ಜೋಡಿ ಇರ್ತೀ. ಖರೇನೇ ನೋವದ ಏನು?”

ಪೇಶಕಾರರು ನೆಲದಿಂದಲೇ ನನ್ನನ್ನು ನೋಡಿದರು.

“ನನಗ ಗೊತ್ತಿಲ್ರೀ ಸಾಹೇಬ್ರ” ಎಂದೆ.

ಅವರು ಎದ್ದರು. ಅಂಗಿ ತೊಟ್ಟು, ಶೇರವಾನಿ ತೊಟ್ಟು, ಕೆಳಗಿನಿಂದ ಕೊರಳತನಕ ಒಂದೊಂದೇ ಗುಂಡಿ ಹಾಕಿಕೊಂಡರು. ಮುಖ ಬೂದಿಯಾಗಿತ್ತು. ಅರ್ಧಕ್ಕೆ ನಿಂತಿದ್ದ ರೈತನ ಅರ್ಜಿಯನ್ನು ಕನ್ನಡದಲ್ಲಿ ಕೊನೆಯವರೆಗೆ ಹೇಳಿ ಮುಗಿಸಿದರು. ಆಮೇಲೆ ಹೊರಗೆ ನಡೆದವರು ಮತ್ತೆ ಕಚೇರಿಗೆ ಬರಲಿಲ್ಲ. ಅವರ ಗಾದಿಯ ಮೇಲೆ ನನ್ನನ್ನು ಕೂಡಿಸಿದರು. ಕೂತೆ.

ನಾಲ್ಕು ವರ್ಷದ ಮೇಲೆ ಕಮಲಾಪುರಕ್ಕೆ ಹೋದೆ. ಮನೆಯ ಕಟ್ಟೆಯ ಮೇಲೆ ತೆಳು ಧೋತರದ ತುಂಡೊಂದನ್ನು ಹೊದ್ದು ಕೂತಿದ್ದರು. ಎದುರಿಗೆ ಯಾವುದೋ ಹಳ್ಳಿಯಿಂದ ಬಂದ ತಾಯಿ, ಮಗಳು. ತಾಯಿಯ ಸೊಂಟಕ್ಕೆ ಸರ್ಪಸುತ್ತು. “ನೀ ಯಾ ಹಾವೂ ಕೊಂದಿಲ್ಲವ್ವ, ಯಾ ಪಾಪಾನೂ ಮಾಡಿಲ್ಲ” ಎಂದು ಅವರು ಹೇಳುತ್ತಿದ್ದರು. ಮಗಳಿಗೆ, “ಹುಣ್ಣು ಮಾಯ್ದ ಮ್ಯಾಲೂ ನಿಮ್ಮವ್ವ ನೋವು ಅಂದ್ರ ನಂಬು. ಬೈಬ್ಯಾಡ” ಎಂದರು. ಅಂಥವರು ಸುತ್ತಲಿನ ಹಳ್ಳಿಗಳಿಂದ ಬರುತ್ತಲೇ ಇರುತ್ತಾರೆಂದು ಅವರ ಹೆಂಡತಿ ಹೇಳಿದರು.

ನಾನು ಕಾಲು ಮುಟ್ಟಲು ಬಗ್ಗಿದೆ. ಕಾಲು ಹಿಂದಕ್ಕೆ ಎಳೆದುಕೊಂಡರು.

“ತಪ್ಪಾತ್ರೀ. ನೌಕರಿ ಹೋಗ್ತದಂತ ಅಂಜಿದೆ.”

“ಬಡದಾಂವನ ಮ್ಯಾಲ ನನಗ ಅಷ್ಟು ಸಿಟ್ಟಿಲ್ಲ. ಅವಗ ಗೊತ್ತಿದ್ದಿಲ್ಲ. ನಿನಗ ಗೊತ್ತಿತ್ತು.”

ಹೆಂಡತಿ ಊಟಕ್ಕೆ ಎಬ್ಬಿಸಿದರು. ಅವರು ನನ್ನ ಜೊತೆ ಕೂತು ಉಂಡರು. ಕ್ಷಮಿಸಿದೆ ಎನ್ನಲಿಲ್ಲ. ಎನ್ನಬೇಕಾಗಿಯೂ ಇರಲಿಲ್ಲ.

ಅವರು ತೀರಿಕೊಂಡ ಸುದ್ದಿ ಕಚೇರಿಗೆ ಬಂದಾಗ ಆ ಸಾಹೇಬರು ಬಡ್ತಿ ಪಡೆದು ಹೈದರಾಬಾದಿಗೆ ಹೋಗಿ ವರ್ಷಗಳಾಗಿದ್ದವು. ಹಳಬನೊಬ್ಬ, “ಛಲೋ ಮನಿಷ್ಯಾ. ಆದ್ರ ಕೆಲಸ ತಪ್ಪಿಸ್ಲಿಕ್ಕ ಒಂದು ನೋವು ಇಟ್ಕೊಂಡಿದ್ದ” ಎಂದು ನಕ್ಕ. ನನಗೆ ಏನಾಯಿತೋ, ಎದ್ದು ನಿಂತು ಕಚೇರಿಯೆಲ್ಲ ಕೇಳುವಂತೆ ಒದರಿದೆ:

“ನೋವಿತ್ತು! ಬಹಾನಾ ಅಲ್ಲ! ನಾ ಕಣ್ಣಾರೆ ನೋಡೀನಿ!”

ಎಲ್ಲರೂ ಬರೆಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. ಸಾಕ್ಷಿ ಹೇಳಿಯಾಗಿತ್ತು. ಕೇಳಬೇಕಾದವರನ್ನು ಅಂದು ಬೆಳಗ್ಗೆಯೇ ಕಮಲಾಪುರದಲ್ಲಿ ಮಣ್ಣು ಮಾಡಿದ್ದರು.